ಯಾವ ತಿಂಗಳಿಗೆ, ಬಾಯಿ?

ಅವರು ನಿಲ್ಲುವಾಗ ಎರಡೂ ಪಾದಗಳನ್ನು ದೂರದೂರ ಊರಿ, ಮೊಣಕಾಲನ್ನು ತುಸುವೇ ಮಡಿಸಿ ನಿಲ್ಲುತ್ತಿದ್ದರು. ನಮ್ಮ ಅಂಗಳದ ಸಿಮೆಂಟು ಯಾವ ಗಳಿಗೆಯಲ್ಲಾದರೂ ವಾಲಬಹುದು ಎನ್ನುವ ಹಾಗೆ. ಬೆಳಿಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲು ತೆರೆದರೆ, ಪಕ್ಕದ ಮನೆಯ ತಾಂಡೇಲ ಮಾಮ ಗೇಟಿನ ಹತ್ತಿರ ಹಾಗೆ ನಿಂತು ಎಡಗೆನ್ನೆಯನ್ನು ಗಾಳಿಗೆ ಕೊಟ್ಟಿರುತ್ತಿದ್ದರು. ಅಮದಳ್ಳಿಯ ಹತ್ತಿರದ ನಮ್ಮ ಕಾಲೋನಿಯಿಂದ ಸಮುದ್ರ ಕಾಣುವುದಿಲ್ಲ. ಚೆಂಡಿಯಾದ ದಂಡೆಯ ಮೇಲಿದ್ದ ಮನೆ ನೌಕಾನೆಲೆಯ ಭೂಸ್ವಾಧೀನದಲ್ಲಿ ಹೋದಮೇಲೆ ಅವರಿಗೆ ಉಳಿದದ್ದು ಈ ಗಾಳಿಯಷ್ಟೆ. ಸ್ವಲ್ಪ ಹೊತ್ತು ನಿಂತು, ಈ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ನನ್ನನ್ನೂ ಬಾಯಿ ಎಂದು ಕರೆದು, "ಇವತ್ತು ಬಂಗಡೆ ಬರ್ತದೆ ಬಾಯಿ" ಎನ್ನುವರು. ಇಲ್ಲವೇ, "ಇವತ್ತು ನಿಮಗೆ ಬೇಳೆಯೇ ಗತಿ." ಅದರಂತೆ ನಾನು ಮೀನಿನ ಸಾರಿಗೆ ಮೆಣಸು ನೆನೆಹಾಕುತ್ತಿದ್ದೆ, ಅಥವಾ ಬೇಳೆ ತೊಳೆಯುತ್ತಿದ್ದೆ. ಹತ್ತು ಗಂಟೆಗೆ ಮೀನಿನವಳು ಬುಟ್ಟಿ ಇಳಿಸಿದಾಗ ಹೆಚ್ಚಿನ ದಿನ ಅವರ ಮಾತೇ ನಿಜವಾಗಿರುತ್ತಿತ್ತು.

ಮೊನ್ನೆ ಸೋಮವಾರ ಹಾಲು ಕಾಯಿಸಿದೆ, ತುಳಸಿಗೆ ನೀರು ಹಾಕಿದೆ, ಯಜಮಾನರ ಡಬ್ಬಿಗೆ ಚಪಾತಿ ಮಾಡಿದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಮೆಣಸೋ ಬೇಳೆಯೋ ತಿಳಿಯದೆ ಎರಡು ಡಬ್ಬಿಗಳ ಮುಚ್ಚಳ ತೆಗೆದು ನಿಂತಿದ್ದಾಗ ಅವರ ಮಗಳು ಹಿಂಬಾಗಿಲಿಗೆ ಬಂದಳು. "ಆಂಟಿ, ಅಪ್ಪ ಏಳಲಿಲ್ಲ." ಅವಳು ಕಾರವಾರದ ಆಸ್ಪತ್ರೆಯಲ್ಲಿ ನರ್ಸ್. ನಾಡಿ ನೋಡಿಯೇ ಬಂದಿದ್ದಳು.

ಆ ಹುಡುಗಿ ನರ್ಸ್ ಆದದ್ದು ಒಂದು ವರ್ಷ ತಡವಾಗಿ. ಆ ವರ್ಷವನ್ನು ಕಳೆದುಹಾಕಿದವಳು ನಾನು.

ಮಾಮ ಆಗ ಮೀನು ಹಿಡಿಯುವ ದೊಡ್ಡ ಬೋಟಿನ ತಾಂಡೇಲರು, ಅಂದರೆ ಬೋಟಿನ ಕ್ಯಾಪ್ಟನ್. ಬೋಟಿನಲ್ಲಿ ದುಡಿಯುವ ಇಪ್ಪತ್ತು ಇಪ್ಪತ್ತೈದು ಖಲಾಶಿಗಳು ಅವರ ಮುಖ ನೋಡುತ್ತ ಕೂತಿರುತ್ತಿದ್ದರು. ಅವರು ನೀರಿನ ಬಣ್ಣ ನೋಡಿ ಕೈ ಎತ್ತಿದರೆ ಮಾತ್ರ ಬಲೆ ನೀರಿಗೆ ಬೀಳುತ್ತಿತ್ತು. ಕಾಲೋನಿಯಲ್ಲಿ ಅಂತಹ ಮರ್ಯಾದೆ ಬೇರೆ ಯಾರಿಗೂ ಇರಲಿಲ್ಲ. ನನಗೂ ಒಂದು ಸಣ್ಣ ಮರ್ಯಾದೆ ಇತ್ತು: ಎಲ್ಲರ ಮನೆಯ ಫಾರ್ಮ್ ತುಂಬಿಕೊಡುವುದು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡು ಅಕ್ಷರ, ಜೊತೆಗೆ ಅವರೇ ಹಾಕಿಕೊಟ್ಟ ಶಿಸ್ತು. ಒಂದು ಕಾಲಂ ಕೂಡ ಖಾಲಿ ಬಿಡಬಾರದು.

ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಆದಾಯ ಕಡಿಮೆ ಇರುವ ಮನೆಯವರಿಗೆ ಫೀಸಿನಲ್ಲಿ ರಿಯಾಯಿತಿ. ಅದಿಲ್ಲದೆ ಓದಿಸಲು ಅವರಿಂದ ಆಗುತ್ತಿರಲಿಲ್ಲ. ಅರ್ಜಿ ಹಿಡಿದು ಬಂದು ನಮ್ಮ ಊಟದ ಮೇಜಿನ ತುದಿಯಲ್ಲಿ ಕೂತರು.

"ತಿಂಗಳ ಆದಾಯ ಎಷ್ಟು ಮಾಮ?"

"ಯಾವ ತಿಂಗಳಿಗೆ, ಬಾಯಿ?"

ನಾನು ನಕ್ಕೆ. ಅವರು ನಗಲಿಲ್ಲ. "ಡೀಸೆಲ್ಲು, ಐಸು ಕಳೆದು ಉಳಿದದ್ರಲ್ಲಿ ಬೋಟಿನ ಯಜಮಾನ್ರದ್ದು ಅವರಿಗೆ. ಉಳಿದದ್ದು ನಮ್ಮ ಪಾಲು. ಖಲಾಶಿಗೆ ಒಂದು, ತಾಂಡೇಲಗೆ ಎರಡು. ಮೀನೇ ಬೀಳದಿದ್ರೆ ಅವನಿಗೆ ಒಂದು ಸೊನ್ನೆ, ನಂಗೆ ಎರಡು ಸೊನ್ನೆ. ಮಳೆಗಾಲದಲ್ಲಿ ಬೋಟೇ ದಡದ ಮೇಲೆ. ಎಂತ ಹೇಳೂದು?"

"ಹೋದ ತಿಂಗಳದ್ದಾದರೂ ಹೇಳಿ."

"ಹೋದ ತಿಂಗಳು ದೇವರು ಕೊಟ್ಟ. ನಲವತ್ತು ಸಾವಿರ ಬಂತು."

ನಲವತ್ತನ್ನು ಹನ್ನೆರಡರಿಂದ ಗುಣಿಸಿ ನಾನು ವರ್ಷದ ಕಾಲಮ್ಮಿನಲ್ಲಿ ಅಂದವಾಗಿ ಬರೆದೆ. ಅವರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. "ಇಷ್ಟೆಲ್ಲ ನಾ ಯಾವಾಗ ಗಳಿಸ್ದೆ ಬಾಯಿ?"

"ವರ್ಷದ್ದು ಹೀಗೇ ಬರೆಯೋದು ಮಾಮ."

ನಮ್ಮ ಮನೆಗೆ ಪ್ರತಿ ತಿಂಗಳು ಒಂದೇ ಸಂಬಳ ಬರುತ್ತಿತ್ತು. ತಿಂಗಳು ಅಂದರೆ ನನಗೆ ಅಷ್ಟೇ ಗೊತ್ತು. ಕಲಿತವಳು ಹೇಳಿದಳೆಂದು ಅವರು ಸಹಿ ಹಾಕಿದರು. ಆದಾಯದ ಮಿತಿ ಹಿಂಬದಿಯ ಪುಟದಲ್ಲಿತ್ತು. ನಾನು ಪುಟ ತಿರುಗಿಸಿರಲಿಲ್ಲ.

ರಿಯಾಯಿತಿ ಸಿಗಲಿಲ್ಲ. ಅವರ ಜೊತೆ ನಾನೂ ಕಚೇರಿಗೆ ಹೋದೆ. ಗುಮಾಸ್ತರು ಒರಟರೇನಲ್ಲ. "ನೀವೇ ಸಹಿ ಮಾಡಿದ್ರಲ್ಲ. ಕಡಿಮೆ ಅಂತೀರಾದ್ರೆ ಸಂಬಳದ ಚೀಟಿ ತನ್ನಿ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದೆ. ಮಾಮ ಕಿಟಕಿಯ ಹೊರಗೆ ನೋಡುತ್ತ, "ಅಳಬೇಡಿ. ಸಮುದ್ರ ಚೀಟಿ ಕೊಡೂದಿಲ್ಲ. ಅದಕ್ಕೆ ನೀವೆಂತ ಮಾಡ್ತ್ರಿ?" ಎಂದರು.

ಆ ವರ್ಷದ ಸೀಟು ಕೈತಪ್ಪಿತು. ಹದಿನೈದು ದಿನಗಳಲ್ಲಿ ಅವರು ಬೋಟು ಬಿಟ್ಟರು. ಅಂಕೋಲೆಯ ಕಡೆ ಗಂಗಾವಳಿ ಹೊಳೆ ದಾಟಿಸುವ ಫೆರಿಗೆ ಡ್ರೈವರ್ ಆಗಿ ಸೇರಿದರು. ಈ ದಡದಿಂದ ಆ ದಡ, ಆ ದಡದಿಂದ ಈ ದಡ. ಬೈಕುಗಳು, ಶಾಲೆಯ ಮಕ್ಕಳು, ಮೀನಿನ ಬುಟ್ಟಿಗಳು. ಖಾಕಿ ಅಂಗಿ, ತಿಂಗಳ ಸಂಬಳ, ಅದಕ್ಕೊಂದು ಚೀಟಿ. ಹಳೆಯ ಖಲಾಶಿಗಳು ದಾರಿಯಲ್ಲಿ ಸಿಕ್ಕರೆ ಕೆಣಕುತ್ತಿದ್ದರು: "ಎಂತ ತಾಂಡೇಲರೆ, ಹೊಳೆಯಲ್ಲಿ ಬಲೆ ಬಿಟ್ರಾ?"

"ಬಿಟ್ಟೆ. ಒಂದೇ ಮೀನು ಬೀಳ್ತದೆ. ಆದ್ರೆ ತಪ್ಪದೆ ತಿಂಗಳಿಗೊಮ್ಮೆ ಬೀಳ್ತದೆ" ಎನ್ನುವರು.

ಮರುವರ್ಷ ಅದೇ ಮೇಜಿನ ತುದಿಯಲ್ಲಿ ಕೂತು, ನಾಲ್ಕು ಮಡಿಕೆ ಮಾಡಿದ ಚೀಟಿಯನ್ನು ಬಿಡಿಸಿ ಅಂಗೈಯಿಂದ ಸವರಿದರು. "ಈಗ ಕೇಳಿ ಬಾಯಿ."

"ತಿಂಗಳ ಆದಾಯ ಎಷ್ಟು ಮಾಮ?"

"ಒಂಬತ್ತು ಸಾವಿರದ ಐನೂರು" ಎಂದರು, ಪಾಠ ಒಪ್ಪಿಸುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ. ಈ ಸಲ ನಾನು ಮೊದಲು ಹಿಂಬದಿಯ ಪುಟ ಓದಿದೆ. ಆಮೇಲೆ ಬರೆದೆ. ಮಗಳಿಗೆ ರಿಯಾಯಿತಿ ಸಿಕ್ಕಿತು.

ಅವಳ ಓದು ಮುಗಿಯುವ ಹೊತ್ತಿಗೆ ಅವರ ಬೋಟಿಗೆ ಬೇರೆ ತಾಂಡೇಲ ಗಟ್ಟಿಯಾಗಿದ್ದ. ಮಾಮ ಹೊಳೆಯಲ್ಲೇ ಉಳಿದರು. ನನ್ನ ತವರು ಅಂಕೋಲೆ. ಅಲ್ಲಿಂದ ಒಮ್ಮೆ ಆಚೆ ದಡದ ಮದುವೆಯೊಂದಕ್ಕೆ ಅವರದೇ ಫೆರಿಯಲ್ಲಿ ಹೋಗಿದ್ದೆ. ನಡುಹೊಳೆಯಲ್ಲಿ, ಪಶ್ಚಿಮಕ್ಕೆ ಅಳಿವೆ ತೆರೆದು ಸಮುದ್ರದ ಒಂದು ಬಿಳಿ ಗೆರೆ ಕಾಣುವ ಜಾಗದಲ್ಲಿ, ಅವರ ಎಡಗೆನ್ನೆ ಆ ಕಡೆ ತಿರುಗಿತು. ಎಂಜಿನ್ನಿನ ಸದ್ದು ಒಂದು ಕ್ಷಣ ಇಳಿಯಿತು. ಆಮೇಲೆ ಚಕ್ರ ತಿರುಗಿಸಿ, ಎಂದಿನ ಹಾಗೆ ಫೆರಿಯನ್ನು ದಡಕ್ಕೆ ತಂದು ತಾಗಿಸಿದರು. ಇಳಿಯುವಾಗ, "ಸೀರೆ ನೆರಿಗೆ ಎತ್ತಿಕೊಳ್ಳಿ ಬಾಯಿ, ಕೆಸರು" ಎಂದರು. ಬೇಸರವಾಗುತ್ತದೆಯೇ ಎಂದು ಕೇಳಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಕೇಳಲು ಧೈರ್ಯ ಬರಲಿಲ್ಲ. ನನ್ನ ಗುಣಾಕಾರದ ಕಥೆಯನ್ನು ನಾನು ಕಾಲೋನಿಯಲ್ಲಿ ಯಾರಿಗೂ ಹೇಳಲೂ ಇಲ್ಲ.

ಸೋಮವಾರ ಮಧ್ಯಾಹ್ನ ಹಳೆಯ ಬೋಟಿನ ಖಲಾಶಿಗಳು ಬಂದು ಅವರನ್ನು ಹೊತ್ತು ದಂಡೆಗೆ ಒಯ್ದರು. ಸಂಜೆ ನಾನು ಅವರ ಮನೆಗೆ ಗಂಜಿ ಮಾಡಿ ಕಳಿಸಿ, ಮೆಟ್ಟಿಲ ಮೇಲೆ ಕೂತಿದ್ದೆ. ಎದುರುಮನೆಯಾಕೆ ಒಣಗಿದ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಗೇಟಿನ ಹತ್ತಿರ ಬಂದು ನಿಂತಳು.

"ಪಾಪ, ನಿಮ್ಮನ್ನು ಎಷ್ಟು ಹೊಗಳ್ತಿದ್ರು ವೈನಿ. 'ಬಾಯಿ ಫಾರ್ಮ್ ಬರೆದುಕೊಟ್ಟದ್ದಕ್ಕೇ ನನ್ನ ಮಗಳು ನರ್ಸ್ ಆದ್ಲು' ಅಂತ ಬಸ್ ಸ್ಟಾಪಿನಲ್ಲಿ ಸಿಕ್ಕವರಿಗೆಲ್ಲ ಹೇಳೂದು." ಕೆಳಗೆ ಬಿದ್ದ ಒಂದು ಟವೆಲ್ಲನ್ನು ಎತ್ತಿಕೊಂಡು, ಹೋಗುತ್ತ ಹೋಗುತ್ತ ಸೇರಿಸಿದಳು, "ನಮ್ಮ ಮೊಮ್ಮಗಳದ್ದೂ ಒಂದು ಫಾರ್ಮ್ ಅದೆ. ನಾಳೆ ತರ್ಲಾ?"