ಹಡಗಿನವರ ಜವಾಬು

ನಿಯಮ ಹಿಡಿಯುವುದರಲ್ಲಿ ನಮ್ಮ ಅಮ್ಮ ಎತ್ತಿದ ಕೈ. ಚಾತುರ್ಮಾಸ ಮುಗಿಯುವವರೆಗೆ ಮೊಸರು ಬಿಡುವುದು, ತಂಗಿಯ ಜ್ವರ ಇಳಿಯುವವರೆಗೆ ತುಪ್ಪ ಬಿಡುವುದು, ಹೀಗೆ ಏನಾದರೊಂದು ನಡೆದೇ ಇರುತ್ತಿತ್ತು. ಜೈನರ ಮನೆಗಳಲ್ಲಿ ಇದು ದೊಡ್ಡ ಸಂಗತಿಯಲ್ಲ. ಬಸದಿಗೆ ಹೋಗಿ, ಪೂಜೆ ಮಾಡುವ ಇಂದ್ರರ ಎದುರು ಕೈಮುಗಿದು, ಇಂಥದ್ದನ್ನು ಇಂಥ ದಿನದವರೆಗೆ ಮುಟ್ಟುವುದಿಲ್ಲ ಎಂದರೆ ಆಯಿತು. ದಿನ ತುಂಬಿದ ಮೇಲೆ ಮತ್ತೆ ಅಲ್ಲಿಗೇ ಹೋಗಿ ಬಿಡಿಸಿಕೊಳ್ಳುವುದು. ಅಮ್ಮ ಇಷ್ಟರವರೆಗೆ ಬಿಡದೆ ಉಳಿದಿರುವುದು ನಮ್ಮನ್ನು ಬೈಯುವುದೊಂದೇ ಎಂದು ನಾನೂ ತಂಗಿಯೂ ತಮಾಷೆ ಮಾಡುತ್ತಿದ್ದೆವು.

ಭೂಮಸೂದೆ ಬಂದು ಪುತ್ತಿಗೆಯ ನಮ್ಮ ಮನೆಗೆ ಗೇಣಿ ಅಕ್ಕಿ ಬರುವುದು ನಿಂತಿತ್ತು. ಗದ್ದೆ ಉಳುತ್ತಿದ್ದವರಿಗೇ ಹೋಯಿತು, ಅದು ನ್ಯಾಯವೇ. ಆದರೆ ನ್ಯಾಯ ಎಂದು ಒಪ್ಪಿಕೊಂಡ ಮಾತ್ರಕ್ಕೆ ಹೊಟ್ಟೆ ಸುಮ್ಮನಿರುತ್ತದೆಯೇ? ಅಪ್ಪ ಅದಕ್ಕೂ ಮೊದಲೇ ತೀರಿಹೋಗಿದ್ದರು. ನಾನು ಮೂಡುಬಿದಿರೆಯಲ್ಲಿ ಬಿ.ಕಾಂ. ಮುಗಿಸಿ, ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ಬೋರ್ಡು ಓದುತ್ತ ಕಾಲ ಕಳೆಯುತ್ತಿದ್ದೆ.

ಕಾಲೇಜಿನಲ್ಲಿ ಜತೆಗಿದ್ದ ಮೆಲ್ಕಾರಿನ ಬ್ಯಾರಿ ಗೆಳೆಯನೊಬ್ಬ ಪರೀಕ್ಷೆಗೂ ಕೂರದೆ ಬೊಂಬಾಯಿಗೆ ಹೋಗಿ ಹಡಗು ಹತ್ತಿದ್ದ. ಸರಕಿನ ಹಡಗಲ್ಲ, ಸಿರಿವಂತರು ಸುಮ್ಮನೆ ಸಮುದ್ರ ಸುತ್ತಿ ಬರುವ ಹಡಗು. ಅದರಲ್ಲಿ ಅವನಿಗೆ ಬಟ್ಟೆ ಇಸ್ತ್ರಿ ಹಾಕುವ ಕೆಲಸ. ರಜೆಯಲ್ಲಿ ಬಂದವನು ಒಂದು ದಿನ ನಮ್ಮ ಚಾವಡಿಯಲ್ಲಿ ಕೂತು ಹಡಗಿನ ಫೋಟೋ ತೋರಿಸಿದ.

"ಇದು ಎಲ್ಲಿಗೆ ಹೋಗುವುದು?" ಅಮ್ಮ ಕೇಳಿದರು.

"ಎಲ್ಲಿಗೂ ಇಲ್ಲ ಅಮ್ಮ. ನಾಲ್ಕು ಊರು ಸುತ್ತಿ ಹೊರಟಲ್ಲಿಗೇ ವಾಪಸು ಬರ್ತದೆ."

"ಹೊರಟಲ್ಲಿಗೇ ಬರಲಿಕ್ಕೆ ಇಷ್ಟು ದೊಡ್ಡ ಹಡಗು ಯಾಕೆ ಮಾರಾಯ?"

ಅವನು ನಕ್ಕ. ಆದರೆ ಆ ಮಾತು ಅಮ್ಮನಿಗೆ ಹಿಡಿಸಿತು. ಗಲ್ಫಿಗೆ ಹೋದವರು ವರ್ಷಗಟ್ಟಲೆ ಬರುವುದಿಲ್ಲ ಎಂದು ನನ್ನನ್ನು ಆ ಕಡೆ ತಲೆಹಾಕಲೂ ಬಿಟ್ಟಿರಲಿಲ್ಲ. ಈಗ ಫೋಟೋವನ್ನು ಇನ್ನೊಮ್ಮೆ ನೋಡಿ, "ಹಡಗು ಹೊರಟಲ್ಲಿಗೆ ಬರುವುದಾದರೆ ನೀನೂ ಬರ್ತಿ. ಅರ್ಜಿ ಹಾಕು," ಅಂದರು. ಆಮೇಲೆ ಗೆಳೆಯನ ವಿಚಾರಣೆ ಶುರುವಾಯಿತು. ಮಾಂಸ ಮುಟ್ಟಲಿಕ್ಕೆ ಉಂಟಾ? ಇಲ್ಲ ಅಮ್ಮ, ಇವನಿಗೆ ಕೋಣೆಯ ಕೆಲಸ, ಹಾಸಿಗೆ ಹಾಸುವುದು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಅದಕ್ಕೇನು ಮಾಡುವುದು?

"ಅಲ್ಲಿ ಕೆಲವು ಕಡೆ ಹೊತ್ತು ಮುಳುಗುವುದೇ ತಡ ಅಮ್ಮ. ಇವ ನಿಧಾನಕ್ಕೆ ಎರಡು ಸಲ ಉಣ್ಣಬಹುದು."

ಅರ್ಜಿ ಟೈಪ್ ಮಾಡಿಸಿದೆ. ಸ್ಟುಡಿಯೋದವರು ಎಲ್ಲರಿಗೂ ಹಾಕಿಸುವ ಕೋಟನ್ನೇ ನಾನೂ ಹಾಕಿ ಫೋಟೋ ತೆಗೆಸಿದೆ. ಹಡಗಿನ ಕಂಪೆನಿಯವರು ಮಂಗಳೂರಿಗೆ ಬಂದು ಹುಡುಗರನ್ನು ನೋಡುವವರಿದ್ದರು. ಅಷ್ಟರೊಳಗೆ ನನ್ನನ್ನು ತಯಾರು ಮಾಡುವ ಭಾರ ಗೆಳೆಯ ಹೊತ್ತ. ಮನೆಯಲ್ಲಿದ್ದುದು ಒಂದೇ ಮಂಚ, ಅಪ್ಪನದು. ಅದರ ಮೇಲೆ ಬಿಳಿ ಪಂಚೆ ಹಾಸಿ, ನಾಲ್ಕು ಮೂಲೆ ಮಡಚಿ, ಒಂದು ಸುಕ್ಕೂ ಇಲ್ಲದ ಹಾಗೆ ಎಳೆಯುವುದನ್ನು ಅವನು ಕಲಿಸಿದ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇಷ್ಟು ವರ್ಷದಲ್ಲಿ ನಿನ್ನ ಚಾಪೆ ನೀನು ಒಂದು ದಿನ ಸುತ್ತಿಟ್ಟದ್ದು ಉಂಟಾ? ಅಲ್ಲಿಯವರು ಪುಣ್ಯವಂತರು."

ಮಂಗಳೂರಿನ ಲಾಡ್ಜೊಂದರ ಕೋಣೆಯಲ್ಲಿ ಕೂತಿದ್ದ ಅಧಿಕಾರಿ ಹೆಚ್ಚೇನೂ ಕೇಳಲಿಲ್ಲ. ಹಾಸಿಗೆಯ ಬಟ್ಟೆ ಕಿತ್ತುಹಾಕಿ, ಹಾಸು ಎಂದರು. ಹಾಸಿದೆ. ಅಂಗೈಯಿಂದ ಒಂದು ಸಲ ಸವರಿ ನೋಡಿ, "ಚೆನ್ನಾಗಿದೆ. ಜವಾಬು ಪೋಸ್ಟಿನಲ್ಲಿ ಬರುತ್ತದೆ," ಎಂದರು. ಬಸ್ಸಿನಲ್ಲಿ ಬರುವಾಗ ಅರ್ಧ ಸಮುದ್ರವನ್ನು ನಾನು ಅಲ್ಲಿಯೇ ದಾಟಿಬಿಟ್ಟಿದ್ದೆ.

"ಜವಾಬು ಯಾವಾಗ ಬರ್ತದೆ?" ಮನೆಗೆ ಬಂದ ಕೂಡಲೇ ಅಮ್ಮ ಕೇಳಿದರು.

"ಒಂದು ತಿಂಗಳೊಳಗೆ ಬರ್ತದೆ. ದೊಡ್ಡ ಕಂಪೆನಿ ಅಮ್ಮ. ಬೇಡ ಅಂತಾದರೂ ಬರೆದೇ ಹೇಳ್ತಾರೆ."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದೊಡ್ಡವರು ಹಾಗೆಯೇ ಇರುತ್ತಾರೆ ಎಂದು ನಾನು ನಿಜವಾಗಿ ನಂಬಿದ್ದೆ. ಅಮ್ಮ ಮರುದಿನವೇ ಬಸದಿಗೆ ಹೋಗಿ ನಿಯಮ ಹಿಡಿದು ಬಂದರು: ಹಡಗಿನವರ ಜವಾಬು ಬರುವವರೆಗೆ ಸಿಹಿ ಮುಟ್ಟುವುದಿಲ್ಲ. ಅಮ್ಮ ಬೆಲ್ಲದ ಪ್ರಾಣಿ. ಕಾಫಿಗೆ ಬೆಲ್ಲ, ಊಟವಾದ ಮೇಲೆ ಬಾಯಿಗೊಂದು ಚೂರು ಬೆಲ್ಲ. ಒಂದು ತಿಂಗಳು ತಾನೇ ಎಂದು ನಾನೂ ಸುಮ್ಮನಾದೆ.

ತಿಂಗಳು ಕಳೆಯಿತು. ಮಳೆಗಾಲ ಬಂದು ಹೋಯಿತು. ಪೋಸ್ಟಿನವರು ನಮ್ಮ ಓಣಿಯ ಬದಿಯಲ್ಲಿ ಹಾದುಹೋದರೆ ಸಾಕು, ಅಮ್ಮ ಕರೆದು ಕೂರಿಸಿ ಬೆಲ್ಲ ನೀರು ಕೊಡುತ್ತಿದ್ದರು. ಕಾಗದ ಇಲ್ಲದ ದಿನ ಆ ಬೆಲ್ಲ ತಿನ್ನಲು ಅವರಿಗೇ ಸಂಕೋಚವಾಗಿ, "ಇವತ್ತು ಇಲ್ಲ ಅಮ್ಮ, ನಾಳೆ ನೋಡುವ," ಎಂದು ಬರಿಯ ನೀರು ಕುಡಿದು ಏಳುತ್ತಿದ್ದರು. ಅಮ್ಮನ ಕಾಫಿ ಕಹಿಯಾಗಿಯೇ ಉಳಿಯಿತು. ನನಗೆ ವಾಮದಪದವಿನ ಸೊಸೈಟಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಆ ಸುದ್ದಿ ಹೇಳಿ ಬೆಲ್ಲದ ಚೂರು ಹಿಡಿದರೆ ಅಮ್ಮ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಒಳ್ಳೆಯದಾಯ್ತು ಮಗ. ಆದರೆ ಇದು ಸೊಸೈಟಿಯ ಜವಾಬು. ಹಡಗಿನದ್ದು ಬರಲಿಕ್ಕುಂಟು."

ಮುಂದೆ ತಂಗಿಗೆ ಬೆಳ್ತಂಗಡಿಯ ಕಡೆಯ ಸಂಬಂಧ ಕೂಡಿಬಂತು. ಮದುವೆಯ ಮರುದಿನ ಗಂಡಿನ ಮನೆಯಲ್ಲಿ ಊಟ. ಹೆಣ್ಣಿನ ತಾಯಿ ಬೀಗರ ಮನೆಯ ಎಲೆಯಲ್ಲಿ ಹೋಳಿಗೆ ಹಾಕಬೇಡಿ, ಪಾಯಸ ಬಡಿಸಬೇಡಿ ಎಂದರೆ ಏನರ್ಥ? ಪಂಕ್ತಿಯಲ್ಲಿದ್ದವರೆಲ್ಲ ಕೈ ನಿಲ್ಲಿಸಿದರು. ಮನೆಯ ಹಿರಿಯರು ಎದ್ದು ಬಂದು, "ನಮ್ಮಿಂದ ಏನಾದರೂ ತಪ್ಪಾಯಿತಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅಮ್ಮ ನೆಟ್ಟಗೆ ಕೂತು, "ತಪ್ಪು ಏನಿಲ್ಲ. ಮಗನಿಗೆ ಹಡಗಿನವರ ಜವಾಬು ಬರಲಿಕ್ಕುಂಟು," ಅಂದರು. ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಯಾರೋ ನಕ್ಕರು, ಅದರ ಹಿಂದೆ ಪಂಕ್ತಿಯೇ ನಕ್ಕಿತು. ತಂಗಿ ತಲೆ ತಗ್ಗಿಸಿ ಅಳುತ್ತಿದ್ದುದು ನನಗೆ ಕಂಡಿತು. ಅಲ್ಲಿಂದ ಮುಂದೆ ನೆಂಟರು ಎಲ್ಲಿ ಸಿಕ್ಕಿದರೂ, "ಏನು, ಹಡಗು ಬಂತಾ?" ಎನ್ನುವುದೇ ಕುಶಲಪ್ರಶ್ನೆಯಾಯಿತು. ನನ್ನ ಮದುವೆಯಲ್ಲೂ ಅಮ್ಮ ಸಿಹಿ ಮುಟ್ಟಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ನಾನು ಅಡುಗೆಯವರ ಮೇಲೆ ಹರಿಹಾಯ್ದೆ.

ಇಂದ್ರರನ್ನು ಕೇಳಿದೆ. ಬಿಡಿಸಲು ದಾರಿ ಉಂಟು, ಆದರೆ ಹಿಡಿದವರೇ ಬಂದು ಕೇಳಬೇಕು ಎಂದರು. ಅಮ್ಮ ಕೇಳಲು ಒಪ್ಪಲಿಲ್ಲ. ಆಗ ನಾನು ಹಡಗಿನ ಕಂಪೆನಿಯ ಬೊಂಬಾಯಿ ಕಚೇರಿಗೆ ಮತ್ತೊಂದು ಅರ್ಜಿ ಬರೆದೆ. ಸ್ವಾಮಿ, ನನಗೆ ಕೆಲಸ ಬೇಡ, ಕೆಲಸ ಇಲ್ಲ ಎಂದು ಒಂದು ಸಾಲು ಬರೆದು ಕಳಿಸಿ. ಅದಕ್ಕೂ ಜವಾಬಿಲ್ಲ. ಮುಂದಿನ ರಜೆಗೆ ಬಂದ ಗೆಳೆಯ ಇದನ್ನು ಕೇಳಿ ತಲೆಗೆ ಕೈಯಿಟ್ಟ.

"ಬೇಕಾದವರಿಗೆ ಮಾತ್ರ ಅವರು ಬರೆಯುವುದು ಮಾರಾಯ. ಬೇಡದವರಿಗೆ ಬರೆಯುವ ಕ್ರಮವೇ ಇಲ್ಲ. ನೀನು ನನ್ನೊಟ್ಟಿಗೆ ಹೊರಡು. ಬಾಯಲ್ಲೇ ಕೇಳಿಕೊಂಡು ಬರುವ."

ಸೊಸೈಟಿಯಲ್ಲಿ ರಜೆ ಹಾಕಿ ಅವನ ಜತೆ ಬೊಂಬಾಯಿಯ ಬಸ್ಸು ಹತ್ತಿದೆ. ಕಚೇರಿಯಲ್ಲಿ ಮೇಜಿನ ಹಿಂದೆ ಕೂತಿದ್ದವರು ನಮ್ಮ ಕಡೆಯವರೇ, ತುಳು ಬಲ್ಲವರು. ನಾನು ಎಲ್ಲವನ್ನೂ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಆ ಸಲದ ಅರ್ಜಿಗಳು ಯಾವುದೂ ಈಗ ಇಲ್ಲ ಎಂದರು.

"ಕಂಪೆನಿಯ ಕಾಗದದಲ್ಲಿ ಬರೆದು ಕೊಡಲಿಕ್ಕೆ ನನಗೆ ಅಧಿಕಾರ ಇಲ್ಲ. ಬಾಯಲ್ಲಿ ಹೇಳ್ತೇನೆ, ಕೇಳಿ. ನಿಮ್ಮನ್ನು ತೆಗೆದುಕೊಂಡಿಲ್ಲ. ಇನ್ನು ತೆಗೆದುಕೊಳ್ಳುವುದೂ ಇಲ್ಲ. ವಯಸ್ಸು ದಾಟಿತು. ಕಚೇರಿಯವರೇ ಹೇಳಿದರು ಅಂತ ತಾಯಿಗೆ ಹೇಳಿ."

ಕೆಲಸ ಸಿಕ್ಕಿದವನ ಹಾಗೆ ಮೆಟ್ಟಿಲಿಳಿದು ಬಂದೆ. ಕೆಳಗೆ ಕಾಯುತ್ತಿದ್ದ ಗೆಳೆಯ ನನ್ನ ಮುಖ ನೋಡಿ, "ಬೇಡ ಅಂದರಾ?" ಎಂದು ಸಂತೋಷದಿಂದ ಕೇಳಿದ.

ಊರಿಗೆ ಬಂದು ಚಾವಡಿಗೆ ಕಾಲಿಡುತ್ತಲೇ ಅಮ್ಮನಿಗೆ ಸುದ್ದಿ ಹೇಳಿದೆ. ಅಮ್ಮ ಎರಡು ಸಲ ಕೇಳಿದರು.

"ನೀನು ಯಾರು ಅಂತ ಗೊತ್ತಾಗಿಯೇ ಹೇಳಿದ್ದಾ?"

"ಹೌದಮ್ಮ."

"ಇನ್ನು ಕರೆಯುವುದಿಲ್ಲವಾ?"

"ಇಲ್ಲ."

ಅಮ್ಮ ಸ್ನಾನ ಮಾಡಿ ಬೇರೆ ಸೀರೆ ಉಟ್ಟು ನನ್ನ ಜತೆ ಬಸದಿಗೆ ಬಂದರು. ಇಂದ್ರರು ನಿಯಮ ಬಿಡಿಸಿದರು. ನಾನು ಕಟ್ಟಿಕೊಂಡು ಹೋಗಿದ್ದ ಬೆಲ್ಲವನ್ನು ಜಗಲಿಯಲ್ಲಿ ಕೂತು ಬಾಯಿಗೆ ಹಾಕಿಕೊಂಡ ಅಮ್ಮನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷಗಳ ಮೇಲೆ ಸಿಹಿ ಬಿದ್ದಿದೆ, ಅದಕ್ಕೇ ಎಂದುಕೊಂಡು ಇನ್ನೊಂದು ಚೂರು ಮುಂದೆ ಹಿಡಿದೆ. ದೊಡ್ಡ ಕೆಲಸ ಮಾಡಿ ಮುಗಿಸಿದವನ ಹಾಗೆ ಹಗುರಾಗಿದ್ದೆ.

ಮನೆಗೆ ಹೊರಟೆವು. ಎರಡು ಗದ್ದೆಗಳ ನಡುವಿನ ಸಪೂರ ಹುಣಿಯ ಮೇಲೆ ನಾನು ಮುಂದೆ, ಅವರು ಹಿಂದೆ.

"ನೀನು ಯಾಕೆ ಹೋಗಿ ಕೇಳಿದ್ದು ಮಗ?" ಅಂದರು.

"ನಿಮಗೆ ಕಷ್ಟ ಆಗ್ತದೆ ಅಂತ."

"ಸಿಹಿ ಬಿಟ್ಟದ್ದು ನನಗೆ ಕಷ್ಟ ಆಗಲಿಲ್ಲ. ಬೆಳಗಾದರೆ ಇವತ್ತು ಬರಬಹುದು ಅಂತ ಇತ್ತು. ಅವರಾಗಿ ಬೇಡ ಅಂದಿರಲಿಲ್ಲವಲ್ಲ."

ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹುಣಿ ಮುಗಿಯುವವರೆಗೂ ಹಾಗೆಯೇ ನಡೆದೆ.

ಆಮೇಲೆ ಅಮ್ಮ ಕೆಲವು ವರ್ಷ ಬದುಕಿದ್ದರು. ಕೊಟ್ಟರೆ ಸಿಹಿ ತಿನ್ನುತ್ತಿದ್ದರು, ಬೇಕೆಂದು ಕೇಳುತ್ತಿರಲಿಲ್ಲ. ನನ್ನ ಹೆಂಡತಿಗೆ ಹೆರಿಗೆ ಕಷ್ಟವಾಗಿ ಎರಡು ದಿನ ಜೀವ ಕೈಯಲ್ಲಿ ಹಿಡಿದು ಕೂತಾಗ, ಏನಾದರೂ ನಿಯಮ ಹಿಡಿಯಿರಿ ಅಮ್ಮ ಎಂದು ನಾನೇ ಬೇಡಿಕೊಂಡೆ. ಅಮ್ಮ ನನ್ನ ತಲೆ ಸವರಿದರು, ನಿಯಮ ಹಿಡಿಯಲಿಲ್ಲ.