ಅವ್ವ ನೋಡದ ನಾಟಕ

ನಾನು ನಾಟಕದವಳು. ಒಬ್ಬಳೇ ನಿಂತು ಆಡುವ ನಾಟಕವೊಂದನ್ನು ಹೊತ್ತುಕೊಂಡು ಎಷ್ಟೋ ವರ್ಷಗಳಿಂದ ಊರೂರು ತಿರುಗುತ್ತಿದ್ದೇನೆ. ಹೊತ್ತುಕೊಂಡು ಎಂದರೆ ಹೊತ್ತುಕೊಂಡೇ: ಮಡಚುವ ಸ್ಟೂಲು, ಕಂಬಳಿ, ಸೀರೆಗಳ ಗಂಟು, ಜೊತೆಗೊಂದು ಸ್ಪೀಕರ್ ಪೆಟ್ಟಿಗೆ. ಆ ಪೆಟ್ಟಿಗೆ ಕಂಡರೆ ಬಸ್ಸಿನ ಕಂಡಕ್ಟರುಗಳಿಗೆ ಮೈಯೆಲ್ಲ ಉರಿ. ಮಂಗಳೂರಿಗೆ ಹೋಗುವಾಗ ಒಮ್ಮೆ ಮಾರನಹಳ್ಳಿಯ ಹತ್ತಿರ ಲಾರಿಗಳ ಹಿಂದೆ ಬಸ್ಸು ನಿಂತದ್ದು ನಿಂತೇ ಹೋಯಿತು. ಹೊತ್ತು ಮೀರುತ್ತಿತ್ತು, ಸೀಟಿನಲ್ಲೇ ಕೂತು ಮುಖಕ್ಕೆ ಬಣ್ಣ ಹಚ್ಚಿಕೊಂಡೆ. ಪಕ್ಕದ ಹೆಂಗಸು, "ಮದುವೆಗಾ?" ಎಂದು ಕೇಳಿದಳು. ಹೌದು ಎಂದೆ. ವಿವರಿಸುವ ರಗಳೆ ಯಾರಿಗೆ ಬೇಕಿತ್ತು.

ತಿರುಗಾಟ ಮನುಷ್ಯರನ್ನು ಬೆಳೆಸುತ್ತದೆ ಎಂದು ಸನ್ಮಾನ ಸಭೆಗಳಲ್ಲಿ ಹೇಳುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ಕಾರಿನಲ್ಲಿ ಬಂದಿರುತ್ತಾರೆ. ನನ್ನಲ್ಲಿ ಬೆಳೆದದ್ದು ಸೊಂಟನೋವು, ಜೊತೆಗೆ ಮೂಗಿನ ತುದಿಯಲ್ಲಿ ಕೂತ ಸಿಟ್ಟು. ಒಂದೂರಿನಲ್ಲಿ ಅರ್ಧ ಗಂಟೆಗೆ ಮುಗಿಸಿ ಎನ್ನುತ್ತಾರೆ, ಇನ್ನೊಂದೂರಿನಲ್ಲಿ ಮಂತ್ರಿಗಳ ಭಾಷಣ ಮುಗಿಯುವವರೆಗೆ ಪರದೆಯ ಹಿಂದೆ ನಿಲ್ಲಿಸುತ್ತಾರೆ, ಮತ್ತೊಂದರಲ್ಲಿ ನಡುವೆ ಒಂದು ಹಾಡು ಸೇರಿಸಬಾರದೇ ಎಂದು ಕೇಳುತ್ತಾರೆ. ಎಲ್ಲರಿಗೂ ಆಗಲಿ ಎಂದು ತಲೆಯಾಡಿಸಿ, ಲಾಡ್ಜಿಗೆ ಬಂದು ಗೋಡೆಯನ್ನು ಬೈಯುತ್ತೇನೆ.

ಆದರೂ ಕರೆಯುತ್ತಾರೆ. ಯಾಕೆ ಕರೆಯುತ್ತಾರೆಂದು ನನಗೂ ಗೊತ್ತು. ನಾಟಕದ ಕೊನೆಯಲ್ಲಿ ಒಂದು ಅಳು ಇದೆ. ಸತ್ತ ಗಂಡನನ್ನು ಅಂಗಳದಲ್ಲಿ ಮಲಗಿಸಿರುವಾಗ ಅವನ ಹೆಂಡತಿ ಅಳುವ ಅಳು. ಮೊದಮೊದಲು ಅದು ಬರೀ ಗಂಟಲಿನಿಂದ ಬರುತ್ತಿತ್ತು. ಆಮೇಲೆ ಒಂದು ಶಿಬಿರದಲ್ಲಿ ಹಿರಿಯ ಮೇಷ್ಟ್ರೊಬ್ಬರು, "ಒಳಗೆ ಹೂತಿಟ್ಟಿದ್ದನ್ನು ತೆಗಿ, ತೆಗೆಯದೆ ಬೆಳೆಯುವುದಿಲ್ಲ ನೀನು" ಎಂದು ದಿನವೂ ಕಾಡಿದರು. ತೆಗೆದೆ. ಏನು ತೆಗೆದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಲ್ಲಿಂದಾಚೆಗೆ ಪತ್ರಿಕೆಯವರು ಬರೆದದ್ದೆಲ್ಲ ಆ ಅಳುವಿನ ಬಗ್ಗೆಯೇ.

ಇಷ್ಟೆಲ್ಲ ಆದರೂ ನನ್ನ ಅವ್ವ ನನ್ನ ನಾಟಕವನ್ನು ಒಮ್ಮೆಯೂ ನೋಡಿರಲಿಲ್ಲ. ಮಗ್ಗೆಯಿಂದ ಒಳಗೆ ನಮ್ಮ ಊರು. ಅಲ್ಲಿ ಅವ್ವ ತಮ್ಮನ ಸಂಸಾರದ ಜೊತೆ ಇದ್ದಾಳೆ. ಹಾಸನದಲ್ಲಿ ಆಡಿದಾಗ ಹಸು ಈಯುವ ಹೊತ್ತು. ಸಕಲೇಶಪುರದಲ್ಲಿ ಆಡಿದಾಗ ಕಾಫಿ ಕುಯಿಲು. ಬೇಲೂರಿಗೆ ತಮ್ಮ ಜೀಪು ಮಾಡಿ ಬಾಗಿಲಿಗೆ ತಂದು ನಿಲ್ಲಿಸಿದಾಗ ಮಂಡಿನೋವು. ಕಾಣದ ಊರುಗಳಲ್ಲಿ ಯಾರು ಯಾರೋ ಬಂದು ಕೈಹಿಡಿದು ಕಣ್ಣೊರೆಸಿಕೊಂಡು ಹೋಗುತ್ತಾರೆ, ಹೆತ್ತವಳಿಗೆ ಮಾತ್ರ ಹಸು ಈಯಬೇಕು. ನನಗೆ ಹೊಟ್ಟೆ ಉರಿಯುತ್ತಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೀಗಿರುವಾಗ ಪಾಳ್ಯದ ಕಡೆಯ ಕಾಫಿ ತೋಟದ ಯಜಮಾನರೊಬ್ಬರು ಫೋನು ಮಾಡಿ ತಮ್ಮ ಕಣದಲ್ಲಿ ಆಡಲು ಕರೆದರು. ಕಾಫಿ ಒಣಗಿಸುವ ದೊಡ್ಡ ಕಣ, ಕುಯಿಲು ಮುಗಿದು ಖಾಲಿ ಬಿದ್ದಿತ್ತು. ನಮ್ಮೂರಿನಿಂದ ಅಲ್ಲಿಗೆ ದೂರವೇನಲ್ಲ. ನಾನು ಅವ್ವನಿಗೆ ತಿಳಿಸಿದೆ. ಹಸು ಈದಾಗಿತ್ತು, ಕುಯಿಲು ಮುಗಿದಿತ್ತು, ಮಂಡಿಗೆ ಎಣ್ಣೆ ಬಂದಿತ್ತು. "ಬತ್ತೀನಿ ಬಿಡು" ಎಂದಳು. ಆ ಒಂದು ಮಾತಿಗೆ ನಾನು ಹುಚ್ಚಿಯ ಹಾಗೆ ನಾಟಕವನ್ನು ಮೊದಲಿನಿಂದ ಮತ್ತೆ ತಾಲೀಮು ಮಾಡಿದೆ.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಅವ್ವನ ಫೋನು.

"ಊರಲ್ಲಿ ಸಾರು ಹಾಕ್ಬುಟ್ಟವ್ರೆ ಕಣೆ. ಬರಕ್ಕಾಗಲ್ಲ."

ಸುಗ್ಗಿ ಹಬ್ಬಕ್ಕೆ ಮುಂಚೆ ನಮ್ಮ ಕಡೆ ಊರಿನ ಹಿರಿಯರು ಸೇರಿ ಸಾರು ಹಾಕುತ್ತಾರೆ. ಎಂದರೆ ಊರಿಗೆಲ್ಲ ಕಟ್ಟಳೆ ಸಾರುತ್ತಾರೆ. ಆಮೇಲೆ ಹಬ್ಬ ಮುಗಿಯುವವರೆಗೆ ಯಾರೂ ನೆಲ ಅಗೆಯುವ ಹಾಗಿಲ್ಲ, ಹಸಿ ಮರ ಕಡಿಯುವ ಹಾಗಿಲ್ಲ, ಅಡುಗೆಗೆ ಒಗ್ಗರಣೆ ಹಾಕುವ ಹಾಗಿಲ್ಲ. ಊರಿನವರು ಎಲ್ಲಿಗೇ ಹೋಗಿದ್ದರೂ ದೀಪ ಹಚ್ಚುವ ಹೊತ್ತಿಗೆ ಊರೊಳಗೆ ಇರಬೇಕು. ನನ್ನ ನಾಟಕ ಶುರುವಾಗುವುದು ಏಳು ಗಂಟೆಗೆ.

ತೋಟದ ಯಜಮಾನರಿಗೆ ಫೋನು ಮಾಡಿ, ಮಧ್ಯಾಹ್ನ ಮೂರಕ್ಕೆ ಇಟ್ಟುಕೊಳ್ಳೋಣ ಎಂದೆ.

"ಎಂಥ ಮಾತು ಮಾರಾಯ್ತಿ. ಆಗ ಆಳುಗಳೆಲ್ಲ ಮೆಣಸಿನ ಕೆಲಸದಲ್ಲಿರ್ತಾರೆ. ಲೈನುಮನೆಗಳಲ್ಲಿರೋ ಆಳುಗಳು ಕೆಲಸ ಬಿಟ್ಟು, ಸ್ನಾನ ಮಾಡಿ ಬರಬೇಕು. ಖಾಲಿ ಕಣಕ್ಕೆ ಆಡ್ತೀಯಾ?"

"ನಮ್ಮವ್ವ ಒಬ್ಬಳು ಬಂದರೆ ಸಾಕಣ್ಣ."

"ಮತ್ತೆ ಅವಳ ಮುಂದೆ ಮನೇಲೇ ಆಡು" ಎಂದು ನಕ್ಕರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಪ್ರದರ್ಶನದ ದಿನ ಬೆಳಿಗ್ಗೆ ಪೆಟ್ಟಿಗೆ ಸ್ಟೂಲುಗಳನ್ನು ಪಾಳ್ಯದಲ್ಲಿ ಇಳಿಸಿ, ಒಂದು ಆಟೋ ಹಿಡಿದು ನೇರ ಊರಿಗೆ ಹೋದೆ. ಮನೆಗಲ್ಲ, ಸಾರು ಹಾಕಿದ ಹಿರಿಯರೊಬ್ಬರ ಮನೆಗೆ. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದೆ. ಕಟ್ಟಳೆ ದೊಡ್ಡದೋ ಮನುಷ್ಯರು ದೊಡ್ಡವರೋ ಎಂಬಂಥ, ವೇದಿಕೆಯ ಮೇಲೆ ಚೆನ್ನಾಗಿ ಕೇಳುವ ಮಾತುಗಳು. ಅವರು ಜಗುಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. ನಾನು ಬಾಯಿ ತೆರೆದು ಮೂರು ವಾಕ್ಯ ಆಡುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಅದಕ್ಯಾಕವ್ವ ಇಷ್ಟು ದೂರ ಬಂದೆ? ಸಾರು ಹಾಕಿದ್ ದಿನವೇ ನಿನ್ ತಮ್ಮ ಬಂದು ಕೇಳ್ದ. ಮಗಳ ಆಟ ನೋಡಕ್ಕೆ ಹೋಗೋದು ತಪ್ಪೇನೈತೆ, ರಾತ್ರಿನೇ ತಿರುಗಿ ಬಂದು ಊರಲ್ಲಿ ಮಲಗಿದ್ರೆ ಆಯ್ತು ಅಂದೆ. ನಿಮ್ಮವ್ವನೂ ಅಲ್ಲೇ ನಿಂತಿದ್ಲಲ್ಲ."

ಆಟೋದವನಿಗೆ ನಮ್ಮ ಮನೆಯ ಕಡೆ ತಿರುಗಿಸು ಎಂದೆ.

ಮನೆಗೆ ಹೋದರೆ ತಮ್ಮ ತೋಟಕ್ಕೆ ಹೋಗಿದ್ದ. ಅವ್ವ ಅಡುಗೆಮನೆಯಲ್ಲಿದ್ದಳು. ನನ್ನನ್ನು ಕಂಡು ಬಾ ಕೂತ್ಕೋ ಎಂದಳು, ತಟ್ಟೆಗೆ ಮುದ್ದೆ ಹಾಕಿ ಒಗ್ಗರಣೆಯಿಲ್ಲದ ಬಸ್ಸಾರು ಬಿಟ್ಟಳು. ನಾನು ಮುಟ್ಟಲಿಲ್ಲ.

"ಸಾರು ಅನ್ನೋದು ನೆವ ಅಲ್ವೇನವ್ವ?" ಎಂದೆ.

ಅವಳು ಪಾತ್ರೆಗೆ ತಟ್ಟೆ ಮುಚ್ಚಿದಳು. "ಹೂಂ. ನೆವನೇ" ಎಂದಳು.

ಇಲ್ಲ ಎನ್ನುತ್ತಾಳೆ, ಆಮೇಲೆ ನಾನು ಕೂಗಾಡಬಹುದು ಎಂದುಕೊಂಡಿದ್ದೆ. ಹೀಗೆ ಒಪ್ಪಿಕೊಂಡರೆ ಮನುಷ್ಯರು ಏನು ಮಾಡಬೇಕು? ಆದರೂ ಕೂಗಾಡಿದೆ. ಹಸು, ಕುಯಿಲು, ಮಂಡಿ, ಎಲ್ಲವೂ ನೆವವೇ ಅಲ್ಲವೇ ಎಂದೆ. ಮಗಳು ಬಣ್ಣ ಹಚ್ಚುವುದು ನಿನಗೆ ಅವಮಾನ ತಾನೇ, ನೆಂಟರ ಮುಂದೆ ತಲೆತಗ್ಗಿಸಬೇಕಾಗುತ್ತದೆ ತಾನೇ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ.

"ಬಣ್ಣ ಹಚ್ಚಿದ್ರೆ ನಂಗೇನೆ? ಹಚ್ಕೋ" ಎಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ನನ್ನೆದುರು ಕೂತಳು. "ಪಕ್ಕದ್ ಮನೆಯೋಳು ಒಂದ್ಸಲ ಫೋನಲ್ಲಿ ನಿನ್ ಆಟ ತೋರ್ಸಿದ್ಲು. ಆ ಹಸು ನೆವ ಹೇಳೋಕ್ಕೂ ಮುಂಚೆ. ಕೊನೇಲಿ ಅಳ್ತೀಯಲ್ಲ, ಅದು."

"ಅದು ನಾಟಕ ಅವ್ವ."

"ಯಾರಿಗೆ ಹೇಳ್ತೀಯ? ನಿಮ್ಮಪ್ಪ ಹೋದಾಗ ಈ ಅಂಗಳದಲ್ಲಿ ಅಷ್ಟು ಜನ ಅಳ್ತಿದ್ರು, ನಿನ್ ಕಣ್ಣಲ್ಲಿ ಒಂದ್ ಹನಿ ಬರ್ನಿಲ್ಲ. ಕಂಬ ಹಿಡ್ಕೊಂಡು ನಿಂತಿದ್ದೆ. ಯಾವತ್ತಾದ್ರೂ ಒಂದಿನ ನನ್ ಹತ್ರ ಬಂದು ಅಳ್ತೀಯ ಅಂತ ನಾನ್ ಕಾದೆ. ವರ್ಷಗಟ್ಲೆ ಕಾದೆ. ನೋಡಿದ್ರೆ ಅಲ್ಲೆಲ್ಲೋ ಗುರುತಿಲ್ಲದೋರ ಮುಂದೆ ಅಳ್ತಿದೀಯ. ಅವ್ರು ಚಪ್ಪಾಳೆ ಹೊಡೀತಾವ್ರೆ."

ಮೇಷ್ಟ್ರು ಹೂತಿಟ್ಟಿದ್ದನ್ನು ತೆಗಿ ಎಂದಾಗ ನಾನು ತೆಗೆದದ್ದು ಅದನ್ನೇ. ಅಪ್ಪನ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿದ್ದ ಬಟ್ಟೆಯ ಚೂರನ್ನು ನೆನೆದರೆ ಸಾಕು, ಪ್ರತಿ ಸಲವೂ ಅಳು ಬರುತ್ತಿತ್ತು. ನಾನದನ್ನು ನನ್ನ ಬೆಳವಣಿಗೆ ಎಂದುಕೊಂಡಿದ್ದೆ. ಸಂದರ್ಶನಗಳಲ್ಲಿ ಹಾಗೆಯೇ ಹೇಳಿಯೂ ಇದ್ದೆ.

"ಆ ಅಳೋದೊಂದ್ ಬುಟ್ಟು ಆಡ್ತೀನಿ ಅನ್ನು. ಈಗ್ಲೇ ಸೀರೆ ಬದಲಾಯಿಸ್ಕೊಂಡು ನಿನ್ ಜೊತೆ ಹೊರಡ್ತೀನಿ" ಎಂದಳು ಅವ್ವ.

ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. "ಅದನ್ನ ಬಿಟ್ಟರೆ ನಾಟಕದಲ್ಲಿ ಏನು ಉಳಿಯುತ್ತವ್ವ? ಜನ ಬರೋದೇ ಅದಕ್ಕೆ."

"ಹಂಗಾದ್ರೆ ಬ್ಯಾಡ" ಎಂದಳು. ಕೋಪ ಮಾಡಿಕೊಳ್ಳಲಿಲ್ಲ. "ಉಣ್ಣು, ಆರೋಯ್ತದೆ."

ಉಂಡೆ. ಕೈತೊಳೆದು ಹೊರಟೆ. ಆಟೋದಲ್ಲಿ ಪಾಳ್ಯದವರೆಗೂ ಅವಳೊಡನೆ ಮನಸ್ಸಿನಲ್ಲೇ ಜಗಳವಾಡಿದೆ. ಅಪ್ಪ ನನಗೂ ಅಪ್ಪ, ನನ್ನ ದುಃಖವನ್ನು ಎಲ್ಲಿ ಬೇಕಾದರೂ ಅಳುತ್ತೇನೆ, ಕೇಳಲು ನೀನ್ಯಾರು ಎಂದೆ. ಮನೆಯಲ್ಲಿ ಅಳಲು ನನಗೆ ಬಂದಿದ್ದರೆ ನಾನು ನಾಟಕಕ್ಕೆ ಯಾಕೆ ಹೋಗುತ್ತಿದ್ದೆ ಎಂದೆ. ಅವಳ ಎದುರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ಅವಳೆದುರು ನನಗೆ ಬರುವುದು ಸಿಟ್ಟೊಂದೇ.

ಏಳಕ್ಕೆ ಕಣ ತುಂಬಿತ್ತು. ಲೈನುಮನೆಗಳ ಹೆಂಗಸರು ತಲೆಗೆ ಹೂ ಮುಡಿದು ಮುಂದೆ ಕೂತಿದ್ದರು, ಆಳುಗಳ ಲೆಕ್ಕ ಬರೆಯುವ ತೋಟದ ರೈಟರು ಅವರನ್ನು ಒತ್ತೊತ್ತಾಗಿ ಕೂರಿಸುತ್ತಿದ್ದ, ಯಜಮಾನರ ನೆಂಟರು ಕುರ್ಚಿಗಳಲ್ಲಿದ್ದರು. ನಾಟಕ ಚೆನ್ನಾಗಿಯೇ ನಡೆಯಿತು. ನಗುವ ಕಡೆ ನಕ್ಕರು, ಸುಮ್ಮನಿರುವ ಕಡೆ ಸುಮ್ಮನಿದ್ದರು. ಕೊನೆಯ ಭಾಗ ಬಂತು. ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತೆ. ಇವತ್ತು ಅಳು ಬಾರದೇ ಹೋಗಲಿ ಎಂದುಕೊಂಡೆ. ಬಾರದಿದ್ದರೆ ಏನು ಗತಿ ಎಂದು ಭಯವೂ ಆಯಿತು. ಅಪ್ಪನ ಹೆಬ್ಬೆರಳು ನೆನಪಾಯಿತು, ಅಳು ತಾನಾಗಿ ಬಂತು, ಎಂದಿಗಿಂತ ಜೋರಾಗಿ ಬಂತು. ಇಡೀ ಕಣ ಚಪ್ಪಾಳೆ ಹೊಡೆಯಿತು. ಎದ್ದು ನಿಂತು ಹೊಡೆದರು. ನಾನು ಇಷ್ಟು ವರ್ಷ ತಲೆಬಾಗಿ ನಮಸ್ಕಾರ ಮಾಡುತ್ತಿದ್ದ ಹೊತ್ತು ಅದು. ಅವತ್ತು ನೆಲದಿಂದ ಏಳಲಾಗಲಿಲ್ಲ. ನಮ್ಮಪ್ಪ ಸತ್ತಿದ್ದಾನೆ, ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ಅಷ್ಟೂ ಜನರ ಮೇಲೆ ಕೂಗಿಕೊಳ್ಳಬೇಕೆನಿಸಿತು.