ಅತ್ತೆ ಕಿತ್ತ ತುಂಬೆ

ಗೆಳೆಯರೇ, ಇವತ್ತು ತುಂಬೆ ಗಿಡದ ಸಲುವಾಗಿ ನಮ್ಮನೇಲಿ ಅತ್ತೆ-ಸೊಸೆ ಜಗಳ.

ಮಳೆ ಬಿದ್ದ ಮೇಲೆ ಕಾಂಪೌಂಡ್ ಪಕ್ಕ ತಾನೇ ಹುಟ್ಟಿ, ಬೆಳ್ಳಗೆ ಹೂ ಬಿಟ್ಟಿತ್ತು. ಅದನ್ನ ನೋಡ್ತಾ ಚಾ ಕುಡಿಯೋದು ನನಗೆ ಅಭ್ಯಾಸ ಆಗಿತ್ತು. ನಂದಿಗುಡಿಯಿಂದ ನಿನ್ನೆ ಬಂದ ಅತ್ತೆ, ನಾನು ಸ್ನಾನ ಮುಗಿಸಿ ಬರೋದ್ರೊಳಗೆ ಅಷ್ಟೂ ಕಿತ್ತು ಗುಡ್ಡೆ ಹಾಕಿದ್ರು.

"ಅತ್ತೆ, ಹೂ ಬಿಟ್ಟಿದ್ವಲ್ರಿ, ಯಾಕ ಕಿತ್ರಿ?"

"ಯಾರು ಬಿತ್ತಿದ್ರು?"

"ಯಾರೂ ಇಲ್ರಿ, ತಾವೇ ಬಂದಿದ್ವು."

"ಮತ್ತೆ? ಬಿತ್ತದೇ ಬಂದದ್ದು ಕಳೆನೇ ಅಲ್ಲೇನವ್ವ? ಕಂಡ್ರೆ ನನ್ನ ಕೈ ಸುಮ್ನಿರಲ್ಲ."

ಸಿಟ್ಟು ಬಂದಿತ್ತು. ಆದರೆ ಆ ಕೈ ನೋಡಿ ಇಳಿದುಹೋಯ್ತು. ಬೇರೆಯವರ ಭತ್ತದ ಗದ್ದೆಯಲ್ಲಿ ಬಗ್ಗಿ ಕಳೆ ಕಿತ್ತು, ನನ್ನ ಗಂಡನನ್ನು ಓದಿಸಿದ ಕೈ ಅದು. ಹೂ ಚೆಂದ ಐತೆ ಅಂತ ಒಂದು ಗಿಡ ಬಿಟ್ಟಿದ್ದರೂ ಗದ್ದೆ ಯಜಮಾನ ಬೈಯುತ್ತಿದ್ದ.

ಸ್ವಲ್ಪ ಹೊತ್ತಿಗೆ ನೋಡಿದರೆ ಅತ್ತೆ ಆ ಗುಡ್ಡೆ ಮುಂದೆ ಕೂತು ಒಂದೊಂದೇ ಹೂ ಬಿಡಿಸ್ತಿದ್ರು.

"ಇದ್ಯಾಕ್ರಿ?"

"ಸೋಮವಾರ ಅಲ್ಲೇನು? ಶಿವಗೆ ತುಂಬೆ ಹೂ ಅಂದ್ರೆ ಬಾಳ ಪ್ರೀತಿ."

ಗಿಡ ಕಳೆಯಂತೆ, ಹೂವು ದೇವರಿಗಂತೆ! ಬಿಡಿಸುವಾಗ ಅವರ ಕೈಯಿಂದಲೇ ಅಂಗಳದ ತುಂಬ ಬೀಜ ಉದುರಿದೆ. ನಾನಂತೂ ಹೇಳೋಕೆ ಹೋಗಿಲ್ಲ.